ಮಾಡೆಲ್ ಆರಿಸುವ ಮುನ್ನ ಕೈ ನೋಡಿ

ಉಗುರು ಅಲಂಕಾರದ ಸ್ಪರ್ಧೆಗೆ ಹೆಸರು ಕೊಟ್ಟ ಮೇಲೆ ಅಕ್ರಿಲಿಕ್ ಪುಡಿ, ಜೆಲ್, ಬ್ರಷ್ ಎಂದು ಧಾರಾಳವಾಗಿ ಖರ್ಚು ಮಾಡುತ್ತೀರಿ. ಮಾಡೆಲ್ ಮಾತ್ರ ಕೊನೆಗಳಿಗೆಯಲ್ಲಿ ಸಿಕ್ಕ ಗೆಳತಿ. ಎಡವುವುದು ಇಲ್ಲೇ.

ಒಳ್ಳೆಯ ಕೈ ಎಂದರೆ ಬೆಳ್ಳಗಿನ ಕೈ ಅಲ್ಲ ತಂಗಿ. ಬೆರಳು ನೇರವಾಗಿರಬೇಕು, ಉಗುರಿನ ಗುಲಾಬಿ ಭಾಗ ಉದ್ದವಾಗಿದ್ದು ಹತ್ತೂ ಬೆರಳಲ್ಲಿ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿರಬೇಕು. ತೀರ್ಪುಗಾರರು ತುದಿಯಿಂದ, ಪಕ್ಕದಿಂದ ತಿರುಗಿಸಿ ನೋಡುತ್ತಾರೆ. ಸೊಟ್ಟಗೆ ಬೆಳೆದ ಒಂದೇ ಉಗುರು ನಿಮ್ಮ ಕೆಲಸವನ್ನೂ ಸೊಟ್ಟಗೆ ಕಾಣಿಸುತ್ತದೆ. ಉಗುರು ಕಚ್ಚುವವರು ಬೇಡ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಹಾಳಾದದ್ದು ಸರಿಹೋಗಲು ತಿಂಗಳುಗಳೇ ಬೇಕು.

ಆರಿಸಿದ ಕೈಯ ಮೇಲೆಯೇ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಉಗುರಿನ ಬುಡದ ಚರ್ಮವನ್ನು ಹಿಂದಿನ ರಾತ್ರಿ ಕತ್ತರಿಸಲು ಹೋಗಬೇಡಿ, ಕೆಂಪಾದರೆ ಮುಚ್ಚಲಾಗದು. ಕೆಲವು ವಾರ ಮೊದಲಿನಿಂದ ರಾತ್ರಿ ಹೊತ್ತು ಎಣ್ಣೆ ಹಚ್ಚಿಸಿ. ಸ್ಪರ್ಧೆಯ ದಿನ ಮಾತ್ರ ಎಣ್ಣೆ, ಕ್ರೀಮ್ ಸೋಕಿಸಬೇಡಿ, ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ. ಮನೆಯಲ್ಲಿ ಮದುವೆ ಇದೆಯೇ ಎಂದೂ ಮೊದಲೇ ಕೇಳಿ. ಉಗುರಿಗೆ ಹತ್ತಿದ ಮೆಹಂದಿ ತೊಳೆದರೆ ಹೋಗದು, ಉಗುರು ಬೆಳೆದೇ ಹೋಗಬೇಕು.

ಹಿಂದೆ ಅಕ್ರಿಲಿಕ್ ಅಥವಾ ಜೆಲ್‌ನಿಂದ ತುರಿಕೆ, ಊತ ಬಂದಿದ್ದವರನ್ನು ದಯವಿಟ್ಟು ಕೂರಿಸಬೇಡಿ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ, ಮುಂದೆ ಹಲ್ಲಿನ ಚಿಕಿತ್ಸೆಯಲ್ಲೂ ತೊಂದರೆ ಕೊಡಬಹುದು. ಬಹುಮಾನಕ್ಕಾಗಿ ಆ ಹುಡುಗಿಯ ಕೈ ಕೆಡಿಸಬಾರದು.

ಬಹಳ ಹೊತ್ತು ಕೈ ಅಲ್ಲಾಡಿಸದೆ ಕೂರಬೇಕೆಂದು ಮೊದಲೇ ತಿಳಿಸಿ, ಊಟ ಮಾಡಿಸಿಯೇ ಕರೆದೊಯ್ಯಿರಿ. ಇನ್ನೊಬ್ಬರನ್ನೂ ಸಿದ್ಧವಾಗಿ ಇಟ್ಟುಕೊಂಡಿರಿ.