ವೈದ್ಯಕೀಯ ವಿದ್ಯಾರ್ಥಿಗಳು ನಿಮ್ಮ ಮನೆಗೆ ಬಂದರೆ ಏನು ಮಾಡಬೇಕು?

ಬಿ.ಪಿ. ನೋಡುವ ಯಂತ್ರ, ನೋಟ್‌ಬುಕ್ ಹಿಡಿದ ವಿದ್ಯಾರ್ಥಿಗಳು ಆಶಾ ಕಾರ್ಯಕರ್ತೆಯ ಜೊತೆ ನಿಮ್ಮ ಮನೆಗೆ ಬಂದರೆ, "ಇನ್ನೂ ಕಲಿಯುವ ಮಕ್ಕಳು, ಇವರಿಗೇನು ಹೇಳುವುದು" ಎಂದು ವಾಪಸ್ ಕಳಿಸಬೇಡಿ. ಕಾರಣ ಓದಿ.

*ಆಸ್ಪತ್ರೆಯಲ್ಲಿ ಕಾಣದ್ದು*
ರಕ್ತಹೀನತೆ ಇರುವ ಗರ್ಭಿಣಿಗೆ ಕಬ್ಬಿಣಾಂಶದ ಮಾತ್ರೆ ಕೊಡಬೇಕೆಂದು ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಕಲಿಯುತ್ತಾನೆ. ಆದರೆ ಮಲ ಕಪ್ಪಗಾಯಿತೆಂದು ಹೆದರಿ ಆಕೆ ಮಾತ್ರೆ ಬಿಟ್ಟಿರುವುದು ಅಥವಾ ಟೀ ಜೊತೆ ನುಂಗುತ್ತಿರುವುದು ತಿಳಿಯುವುದು ಮನೆಗೆ ಹೋಗಿ ಮಾತಾಡಿಸಿದಾಗ.
(ನೆನಪಿಡಿ: ಈ ಮಾತ್ರೆಯಿಂದ ಮಲ ಕಪ್ಪಗಾಗುವುದು ಸಹಜ. ಟೀ, ಕಾಫಿ ಜೊತೆ ಬೇಡ, ಒಂದೆರಡು ಗಂಟೆ ಅಂತರ ಇರಲಿ.)

*ದೆಹಲಿ ಪಕ್ಕದ ಉದಾಹರಣೆ*
ದೆಹಲಿಯ ಏಮ್ಸ್ ಸಂಸ್ಥೆ ಇದನ್ನು ಬಹಳ ಹಿಂದೆಯೇ ಮನಗಂಡಿತು. ಫರೀದಾಬಾದ್ ಜಿಲ್ಲೆಯ ಬಲ್ಲಭಗಢದಲ್ಲಿ 1965ರಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಆರಂಭಿಸಿತು. ದಯಾಲ್‌ಪುರ ಮತ್ತು ಛಾಯ್ನ್ಸಾ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೇರಿದ 28 ಹಳ್ಳಿಗಳು ಅದರ ಕಾರ್ಯಕ್ಷೇತ್ರ. ಏಮ್ಸ್‌ನ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ಅಲ್ಲಿ ತರಬೇತಿ ಪಡೆಯುತ್ತಾರೆ. ಅಲ್ಲಿ ಮನೆಮನೆಯ ಜನನ, ಮರಣಗಳ ದಾಖಲೆಯೂ ಇರುವುದರಿಂದ, ಒಬ್ಬ ರೋಗಿಯನ್ನಷ್ಟೇ ಅಲ್ಲ, ಇಡೀ ಊರಿನ ಆರೋಗ್ಯವನ್ನು ನೋಡಲು ಕಲಿಯುತ್ತಾರೆ.

*ಈಗ ನಮ್ಮೂರಲ್ಲೂ*
2022ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ 'ಕುಟುಂಬ ದತ್ತು' ಕಾರ್ಯಕ್ರಮ ತಂದಿದೆ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸಬೇಕು. ಆದರೆ ಬಸ್ಸಲ್ಲಿ ಬಂದು ಫಾರಂ ತುಂಬಿ ಸಂಜೆ ಹೊರಟರೆ ಕಲಿಕೆ ಆಗದು. ಉಳಿಯಲು ಸುರಕ್ಷಿತ ವಸತಿ, ಓಡಾಡಲು ವಾಹನ, ಜೊತೆಯಲ್ಲಿ ನಿಂತು ಕಲಿಸುವ ವೈದ್ಯರು ಮತ್ತು ನರ್ಸ್‌ಗಳು ಬೇಕು. ಗ್ರಾಮಸಭೆಯಲ್ಲಿ ಇದನ್ನು ಕೇಳಿ.

*ನೀವು ಮಾಡಬೇಕಾದ್ದು*
✅ ಮೊದಲು ಗುರುತಿನ ಚೀಟಿ ನೋಡಿ.
✅ ಬಿಟ್ಟ ಮಾತ್ರೆ, ನಾಟಿ ಔಷಧಿ, ಬೀಡಿ, ಮದ್ಯ ಯಾವುದನ್ನೂ ಮುಚ್ಚಿಡಬೇಡಿ.
✅ ಹಳೆಯ ಚೀಟಿ, ತಾಯಿ ಕಾರ್ಡ್ ತೋರಿಸಿ.
✅ ಹೇಳಲು ಇಷ್ಟವಿಲ್ಲದ್ದನ್ನು ಹೇಳದಿರುವ ಹಕ್ಕು ನಿಮಗಿದೆ.
❌ ವಿದ್ಯಾರ್ಥಿಯ ಮಾತು ಕೇಳಿ ಮಾತ್ರೆ ಬದಲಿಸಬೇಡಿ. ಮೊದಲು ವೈದ್ಯರನ್ನು ಕೇಳಿ.
❌ ಎದೆನೋವು, ಉಸಿರಾಟದ ತೊಂದರೆ, ಗರ್ಭಿಣಿಗೆ ರಕ್ತಸ್ರಾವ ಇದ್ದರೆ ಯಾರಿಗೂ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಇಂದು ನಿಮ್ಮ ಜಗಲಿಯಲ್ಲಿ ಕೂತು ಕೇಳಿಸಿಕೊಂಡ ಹುಡುಗಿ ನಾಳೆ ಯಾವುದೋ ಊರಿನ ಡಾಕ್ಟರ್ ಅಥವಾ ನರ್ಸ್. ರೋಗಿ "ಮಾತ್ರೆ ತಗೊಂಡೆ" ಎಂದಾಗ, "ಯಾವುದರ ಜೊತೆ ತಗೊಂಡ್ರಿ?" ಎಂದು ಆಕೆ ಕೇಳುವಂತಾದರೆ, ಅದನ್ನು ಕಲಿಸಿದವರು ನೀವೇ.

🙏 ನಿಮ್ಮೂರಿನ ಗುಂಪುಗಳಿಗೂ ಕಳಿಸಿ.