ಕಣ್ಣಪ್ಪನ ಪಾದಕ್ಕೆ ಬಿಟ್ಟ ಬಿಳಿ

ತುಮಕೂರಿನಲ್ಲಿದ್ದುಕೊಂಡು ದೇವರಾಯನದುರ್ಗದ ಬಂಡೆ, ಅಮಾನಿಕೆರೆಯ ದಂಡೆ ಎಂದು ಬಹುಕಾಲ ಜಲವರ್ಣದಲ್ಲೇ ಕಳೆದವಳು ನಾನು. ಮಸಿಯ ಕಡೆಗೆ ಎಳೆದದ್ದು ಚಿತ್ರಕಾರ ಚಿತ್ತಪ್ರಸಾದರ ಕೆಲಸ. 1943ರ ಬಂಗಾಳದ ಕ್ಷಾಮದಲ್ಲಿ ಹಸಿದ ಊರುಗಳನ್ನು ಸುತ್ತಿ ಅವರು ಬರೆದ ಚಿತ್ರಗಳ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿ ಸುಟ್ಟಿತು. ಬರೀ ಕಪ್ಪು ಗೆರೆಗೆ ಅಂಥ ಬಲವಿದ್ದರೆ ನನ್ನ ಸ್ಕೆಚ್‌ಬುಕ್ಕಿನಲ್ಲೂ ಅದಕ್ಕೆ ಜಾಗ ಕೊಡಬೇಕು ಅನ್ನಿಸಿತು.

ಮೊದಲ ಪಾಠ ಗೂಳೂರಿನ ಪಕ್ಕದ ಕೈದಾಳದಲ್ಲಿ. ಬಿಸಿಲಿನಿಂದ ಚನ್ನಕೇಶವನ ಗುಡಿಯೊಳಗೆ ಕಾಲಿಟ್ಟರೆ ಏನೂ ಕಾಣದು. ಕಣ್ಣು ಒಗ್ಗಿದಂತೆ ಕಂಬ, ಆಮೇಲೆ ಬಾಗಿಲವಾಡ, ಕೊನೆಗೆ ಮೂರ್ತಿಯ ಭುಜ. ಆ ಕತ್ತಲೆಯನ್ನು ಒಂದೇ ಸಲ ಕುಂಚದಿಂದ ತುಂಬಿದರೆ ಆಳ ಬರುವುದಿಲ್ಲ. ಪೆನ್ನಿನಲ್ಲಿ ಓರೆಗೆರೆ, ಅದು ಒಣಗಿದ ಮೇಲೆ ಅಡ್ಡಗೆರೆ, ಮತ್ತೆ ಇನ್ನೊಂದು ದಿಕ್ಕಿನ ಗೆರೆ, ಹೀಗೆ ಪದರ ಪದರವಾಗಿ ಕಟ್ಟಬೇಕು. ತೆಳು ಹಾಳೆ ಇದನ್ನು ತಾಳದು. 200 ಜಿಎಸ್‌ಎಂ ಇರಲಿ.

ಹೆಚ್ಚು ಕಾಡಿದ್ದು ಗುಬ್ಬಿ. 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ಬೆಳೆದ ನಾಟಕ ಕಂಪನಿಯ ಊರು. ಆ ಕಂಪನಿಯ ‘ಬೇಡರ ಕಣ್ಣಪ್ಪ’ 1954ರಲ್ಲಿ ಸಿನಿಮಾ ಆಗಿ ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿಸಿತು. ಅಲ್ಲಿನ ತೆಂಗಿನ ತೋಟದ ನೆರಳಲ್ಲಿ ಕೂತು, ರಕ್ತ ಸುರಿಸಿದ ಶಿವನ ಕಣ್ಣಿಗೆ ತನ್ನ ಕಣ್ಣನ್ನೇ ಕಿತ್ತಿಟ್ಟ ಬೇಡ ಕಣ್ಣಪ್ಪನನ್ನು ಬರೆದೆ. ಬಾಣದ ಮೊನೆ, ಕಿತ್ತ ಕಣ್ಣು, ರಕ್ತ. ಭೀಕರವಾಗಿತ್ತು, ಭಕ್ತಿ ಮಾತ್ರ ಕಾಣಲಿಲ್ಲ. ಕಥೆಯನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಂಡಾಗ ಪಾದ ಸಿಕ್ಕಿತು. ಎರಡನೇ ಕಣ್ಣನ್ನೂ ಕಿತ್ತರೆ ಶಿವನ ಕಣ್ಣಿನ ಜಾಗ ಕಾಣದಲ್ಲ, ಗುರುತಿಗೆಂದು ತನ್ನ ಕಾಲನ್ನೇ ಅಲ್ಲಿ ಊರುತ್ತಾನೆ. ಲಿಂಗದ ಮೇಲೆ ಬೇಡನ ಧೂಳು ಮೆತ್ತಿದ ಕಾಲು! ಇದಕ್ಕಿಂತ ಎದೆ ನಡುಗಿಸುವ ದೃಶ್ಯ ನನಗೆ ಗೊತ್ತಿಲ್ಲ. ಮುಖ, ಬಾಣ, ರಕ್ತ ಎಲ್ಲವನ್ನೂ ಮಸಿಗೆ ಒಪ್ಪಿಸಿ, ಪಾದವೊಂದಕ್ಕೆ ಹಾಳೆಯ ಬಿಳಿಯನ್ನು ಮುಟ್ಟದೆ ಬಿಟ್ಟೆ. “ಯಾಕವ್ವ ಇಂಥಾವೆಲ್ಲಾ ಬರೀತೀಯ?” ಎನ್ನುತ್ತಿದ್ದ ನಮ್ಮ ಸೋದರತ್ತೆ ಆ ಪುಟವನ್ನು ಮಾತ್ರ ಬೇಗ ತಿರುವಲಿಲ್ಲ.

ಕುಣಿಗಲ್ ದೊಡ್ಡಕೆರೆಗೆ ಪೆನ್ನು ಒಗ್ಗುವುದಿಲ್ಲ. ಮುಸ್ಸಂಜೆಗೆ ಏರಿ ಕಪ್ಪಾದರೂ ನೀರು ಆಕಾಶದ ಬೆಳಕನ್ನು ಬಿಟ್ಟುಕೊಡದು. ಎರಡರ ನಡುವೆ ಗೆರೆ ಎಳೆಯುವಂಥ ಅಂಚೇ ಇಲ್ಲ. ಅಲ್ಲಿ ತರಿತರಿ ಹಾಳೆಗೆ ಇದ್ದಿಲು ಬಳಿದು, ಮೆದು ರಬ್ಬರಿನಿಂದ ನೀರಿನ ಹೊಳಪನ್ನು ಎತ್ತುತ್ತೇನೆ. ಬಸ್ಸಿನ ಕುಲುಕಾಟಕ್ಕೆ ಪುಡಿ ಕದಡುತ್ತದೆ, ಆದ್ದರಿಂದ ಏರಿಯ ಮೇಲೇ ಫಿಕ್ಸೇಟಿವ್ ಸಿಂಪಡಿಸಿ, ಒಣಗಿದ ಮೇಲೆ ಬಟರ್ ಪೇಪರ್ ಇಟ್ಟು ಪುಸ್ತಕ ಮುಚ್ಚುತ್ತೇನೆ.