ಕರೆಂಟ್ ಹೋದಾಗಲ್ಲ, ಬಂದಾಗ

ಮಲೆನಾಡಿನಲ್ಲಿ ವೈರಿಂಗ್ ಕೆಲಸ ಮಾಡುತ್ತ ಇಪ್ಪತ್ತು ಮಳೆಗಾಲ ಕಳೆದೆ. ಮಳೆ ಹಿಡಿದರೆ ಇಲ್ಲಿ ಎರಡು ದಿನ, ಮೂರು ದಿನ ಕರೆಂಟ್ ಇರುವುದಿಲ್ಲ; ಅದಕ್ಕೆ ಯಾರೂ ನನ್ನನ್ನು ಕರೆಯುವುದಿಲ್ಲ. ಫೋನ್ ಬರುವುದು ಕರೆಂಟ್ ಬಂದ ಮೇಲೆ: 'ಮಾರಾಯ್ರೇ, ಟಿವಿಯಲ್ಲಿ ಹೊಗೆ!'

1. ನ್ಯೂಟ್ರಲ್ ಮೇಲೆ ಕಣ್ಣಿರಲಿ. ಒಂದು ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಹೋದೆ. ತ್ರೀ ಫೇಸ್ ಸಂಪರ್ಕ. ದೇವರ ಕೋಣೆಯ ಹಳೇ ಬುರುಡೆ ಬಲ್ಬು ಎಣ್ಣೆ ತೀರಿದ ದೀಪದಂತೆ ಮಿಣುಕುತ್ತಿತ್ತು. ಜಗಲಿಯದ್ದು ಕಣ್ಣು ಕುಕ್ಕುವಷ್ಟು ಬಿಳಿ. ಮೀಟರ್ ಇಟ್ಟರೆ ಅಲ್ಲಿ 120, ಇಲ್ಲಿ 290. ಕಂಬದಿಂದ ಬಂದ ಅಲ್ಯೂಮಿನಿಯಂ ತಂತಿಯನ್ನು ಮನೆಯ ತಾಮ್ರದ ತಂತಿಗೆ ಬರೀ ಕೈಯಲ್ಲಿ ಹುರಿ ಮಾಡಿ ಸುತ್ತಿದ್ದರು. ಮಳೆನೀರು ಕುಡಿದು ನ್ಯೂಟ್ರಲ್ ಜಾಯಿಂಟ್ ಬಿಳಿ ಪುಡಿಯಾಗಿತ್ತು. ನ್ಯೂಟ್ರಲ್ ಕಡಿದರೆ ಎರಡು ಫೇಸುಗಳ ನಡುವಿನ 400 ವೋಲ್ಟನ್ನು ಮನೆಯ ಸಾಮಾನುಗಳೇ ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇರುವ ಕಡೆಗೆ ದೊಡ್ಡ ಪಾಲು. ಒಂದು ಕೋಣೆ ಮಂಕು, ಇನ್ನೊಂದು ಝಗಮಗ ಎಂದಾದರೆ ಮೊದಲು ಮೇನ್ ಇಳಿಸಿ, ಆಮೇಲೆ ಉಳಿದ ಮಾತು.

2. ಸರ್ಜ್ ಪ್ರೊಟೆಕ್ಟರ್ ಇದಕ್ಕೆ ಮದ್ದಲ್ಲ. ಅದು ಕಣ್ಣೆವೆ ಇಕ್ಕುವಷ್ಟರಲ್ಲಿ ಬಂದು ಹೋಗುವ ಏಟನ್ನು ಅರ್ತಿಗೆ ದಾಟಿಸುತ್ತದೆ. ಹೆಚ್ಚಿನ ವೋಲ್ಟೇಜ್ ನಿಮಿಷಗಟ್ಟಲೆ ನಿಂತರೆ ತಾನೇ ಸುಟ್ಟುಹೋಗುವುದೂ ಉಂಟು. ವೋಲ್ಟೇಜ್ ಏರಿದರೆ, ಇಳಿದರೆ ಲೈನ್ ಕಡಿಯುವ ಕಟ್‌ಆಫ್ ಬೇರೆಯೇ. ಎರಡೂ ಬೇಕು, ಒಂದಕ್ಕೇ ದುಡ್ಡಿದೆ ಎನ್ನುವವರಿಗೆ ನಾನು ಕಟ್‌ಆಫ್ ಹಾಕಿಕೊಡುತ್ತೇನೆ.

3. ಅರ್ತ್ ಗುಂಡಿಗೂ ಬಾಯಾರುತ್ತದೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಮೊದಲ ಗುಡುಗು ಬರುವುದೂ ಆಗಲೇ. ಮಾರ್ಚ್ ಹಿಡಿದು ವಾರಕ್ಕೆರಡು ಕೊಡ ನೀರು ಹೊಯ್ಯಿರಿ. ತುಳಸಿಕಟ್ಟೆಗೆ ಹೊಯ್ಯುವವರು ಇದಕ್ಕೂ ನಾಲ್ಕು ಹೆಜ್ಜೆ ನಡೆದರಾಯಿತು.

4. ಸ್ವಿಚ್ ಆರಿಸಿದರೆ ಸಾಲದು, ಅದು ಕಡಿಯುವುದು ಫೇಸನ್ನು ಮಾತ್ರ. ಪ್ಲಗ್ ಕೀಳಿ; ಡಿಶ್ ಕೇಬಲ್, ಇಂಟರ್ನೆಟ್ ವೈರನ್ನೂ ಕೀಳಿ. ಮೋಡ ಕಪ್ಪಾದಾಗಲೇ ಕೀಳಬೇಕು, ಸಿಡಿಲು ನೆತ್ತಿಯ ಮೇಲೆ ಬಂದಾಗ ಮುಟ್ಟಬೇಡಿ.

5. ಕರೆಂಟ್ ಬಂದ ಕೂಡಲೇ ಫ್ರಿಜ್ ಹಾಕಬೇಡಿ. ಐದು ನಿಮಿಷ ತಡೆಯಿರಿ.

6. ಇನ್ವರ್ಟರ್ ಲೆಕ್ಕ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಕೈಗೆ 1200 ಸಿಕ್ಕರೆ ಪುಣ್ಯ. 75 ವ್ಯಾಟಿನ ಎರಡು ಹಳೇ ಫ್ಯಾನ್, 9 ವ್ಯಾಟಿನ ಐದು ಎಲ್‌ಇಡಿ ಬಲ್ಬು: ಆರು ಗಂಟೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಹನ್ನೊಂದು. ಈ ಚಳಿಮಳೆಯಲ್ಲಿ ಫ್ಯಾನ್ ಯಾಕೆ ಎಂದು ಬಯಲುಸೀಮೆಯವರು ಕೇಳುತ್ತಾರೆ. ಬಟ್ಟೆ ಒಣಗಬೇಕಲ್ಲ!

7. ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ನಾನು ವೈರ್ ಎಳೆಯುವುದಿಲ್ಲ. ಎರಡೂ ತುದಿಗೆ ಪ್ಲಗ್ ಹಾಕಿ ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿಗೇರಿ, ಲೈನ್ ಆಫ್ ಇದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ತಲುಪಬಲ್ಲದು. ಅಂಥದ್ದೊಂದು ವೈರನ್ನು ಒಮ್ಮೆ ಕತ್ತರಿಸಿ ಜೇಬಿಗಿಳಿಸಿದೆ. ಆ ಮನೆಯವರು ಅವತ್ತಿನ ಕೂಲಿ ಇನ್ನೂ ಕೊಟ್ಟಿಲ್ಲ.